ನಿದ್ದೆಗೆಟ್ಟು ಹುಟ್ಟಿದ ಆತಂಕಕ್ಕೆ ಯಾವ ಮಾತ್ರೆ: ಆರಿಸುವ ಮುನ್ನ ತೂಗಿ ನೋಡಬೇಕಾದವು

ರಾತ್ರಿ ಒಂಬತ್ತರ ಸುಮಾರಿಗೆ, ಅಂಗಡಿಯ ಷಟರ್ ಅರ್ಧ ಇಳಿಸುವ ಹೊತ್ತಿಗೆ ಬರುವ ಒಂದು ಬಗೆಯ ಗಿರಾಕಿಗಳನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಅವರ ಕೈಯಲ್ಲಿ ವೈದ್ಯರ ಚೀಟಿ ಇರುವುದಿಲ್ಲ. ಕತ್ತರಿಯಿಂದ ತುಂಡರಿಸಿದ ಸ್ಟ್ರಿಪ್ಪಿನ ಒಂದು ಚೂರು ಇರುತ್ತದೆ. ಅದರ ಬೆನ್ನ ಮೇಲೆ ಔಷಧದ ಹೆಸರಿನ ಕೊನೆಯ ಎರಡು ಮೂರು ಅಕ್ಷರಗಳೂ 0.25 ಎಂಬ ಅಂಕಿಯೂ ಮಾತ್ರ ಉಳಿದಿರುತ್ತವೆ. ‘ಇದೇ ಕೊಡಿ ಸಾರ್, ನಾಲ್ಕು ದಿನದಿಂದ ಕಣ್ಣಿಗೆ ನಿದ್ದೆ ಇಲ್ಲ, ಎದೆ ಡವಡವ ಅಂತಿದೆ’ ಎನ್ನುತ್ತಾರೆ. ಚೀಟಿ ಇಲ್ಲದೆ ಕೊಡಲಾಗದು ಎಂದಾಗ ಬರುವ ಮರುಪ್ರಶ್ನೆಯೂ ಬಹುಮಟ್ಟಿಗೆ ಒಂದೇ: ಹಾಗಾದರೆ ಯಾವುದು ಒಳ್ಳೆಯದು? ಒಬ್ಬ ಡಾಕ್ಟರು ಒಂದು ಬರೆದಿದ್ದಾರೆ, ಇನ್ನೊಬ್ಬರು ಮತ್ತೊಂದು ಬರೆದಿದ್ದಾರೆ, ನೆಂಟರೊಬ್ಬರು ಮೂರನೆಯದನ್ನು ಹೇಳಿದ್ದಾರೆ.

ನಾನು ಔಷಧಿ ವಿತರಕನೇ ಹೊರತು ವೈದ್ಯನಲ್ಲ. ಯಾರಿಗೆ ಯಾವ ಮಾತ್ರೆ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ. ಆದರೆ ಆ ತೀರ್ಮಾನದಲ್ಲಿ ರೋಗಿಯ ಪಾಲೂ ಇದೆ. ಯಾವ ಮಾತ್ರೆಯಿಂದ ಏನು ದೊರೆಯುತ್ತದೆ, ಅದಕ್ಕೆ ಪ್ರತಿಯಾಗಿ ಏನು ತೆರಬೇಕಾಗುತ್ತದೆ ಎಂಬುದನ್ನು ತಿಳಿದು ಹೋದವರು ಹತ್ತು ನಿಮಿಷದ ಭೇಟಿಯಲ್ಲಿಯೂ ಸರಿಯಾದ ಪ್ರಶ್ನೆ ಕೇಳುತ್ತಾರೆ. ಈ ಬರಹ ಅಷ್ಟಕ್ಕೆ ಮಾತ್ರ.

ಮಾತ್ರೆಗಳ ಮಾತಿಗೆ ಮೊದಲು ಒಂದು ವಿಷಯ. ನಿದ್ದೆಗೆಡುವುದೂ ಆತಂಕವೂ ಒಂದನ್ನೊಂದು ಸಾಕುತ್ತವೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸುಮಾರು 35 ಗಂಟೆ ಎಚ್ಚರವಿದ್ದ ಆರೋಗ್ಯವಂತ ಯುವಜನರಿಗೆ ಕಳವಳಕಾರಿ ಚಿತ್ರಗಳನ್ನು ತೋರಿಸಿದಾಗ, ಮಿದುಳಿನಲ್ಲಿ ಭಯವನ್ನು ನಿಭಾಯಿಸುವ ಅಮಿಗ್ಡಲ ಎಂಬ ಭಾಗವು ನಿದ್ದೆ ಮಾಡಿದವರಿಗಿಂತ ಸುಮಾರು 60 ಶೇಕಡಾ ಹೆಚ್ಚು ತೀವ್ರವಾಗಿ ಪ್ರತಿಕ್ರಿಯಿಸಿತ್ತು. ಅಂದರೆ ನಿದ್ದೆ ಇಲ್ಲದ ತಲೆಗೆ ಹಗ್ಗವೂ ಹಾವಾಗಿಯೇ ಕಾಣುತ್ತದೆ. ಆ ಭಯದಲ್ಲಿ ಮರುದಿನ ಸಂಜೆಯಾಗುತ್ತಲೇ ‘ಇವತ್ತೂ ನಿದ್ದೆ ಬಾರದಿದ್ದರೆ?’ ಎಂಬ ಯೋಚನೆ ಹತ್ತಿಕೊಳ್ಳುತ್ತದೆ, ಮತ್ತು ಆ ಯೋಚನೆಯೇ ನಿದ್ದೆಯನ್ನು ಓಡಿಸುತ್ತದೆ.

ಈ ಸುತ್ತು ಎಲ್ಲಿಂದ ಆರಂಭವಾಯಿತು ಎಂಬುದನ್ನು ನೋಡದೆ ಮಾತ್ರೆ ನುಂಗುವುದು ಸೋರುವ ಮಾಡಿಗೆ ಕೆಳಗೆ ಪಾತ್ರೆ ಇಟ್ಟಂತೆ. ಥೈರಾಯ್ಡ್ ಹೆಚ್ಚಾದರೆ ನಿದ್ದೆಯೂ ಕೆಡುತ್ತದೆ, ಎದೆಯೂ ಹೊಡೆದುಕೊಳ್ಳುತ್ತದೆ. ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೆ ರಾತ್ರಿ ಕಾಲುಗಳಲ್ಲಿ ಹರಿದಾಡಿದಂತಾಗಿ ಮಲಗಲಾಗದು. ಜೋರಾಗಿ ಗೊರಕೆ ಹೊಡೆಯುವವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ, ನಿದ್ದೆ ಮಾತ್ರೆ ಅದನ್ನು ಇನ್ನಷ್ಟು ಕೆಡಿಸಬಹುದು. ಸ್ಟೀರಾಯ್ಡ್ ಮಾತ್ರೆ, ಉಬ್ಬಸಕ್ಕೆ ಕೊಡುವ ಕೆಲವು ಔಷಧಗಳು, ಮೂಗು ಕಟ್ಟಿದ್ದಕ್ಕೆ ಕೊಡುವ ಶೀತದ ಮಾತ್ರೆ, ಸಂಜೆ ಆರರ ಫಿಲ್ಟರ್ ಕಾಫಿ ಎಲ್ಲವೂ ಈ ಪಟ್ಟಿಯಲ್ಲಿವೆ. ನಿದ್ದೆಯೇ ಇಲ್ಲದಿದ್ದರೂ ಆಯಾಸವಿಲ್ಲ, ಮಾತು ಹೆಚ್ಚಾಗಿದೆ, ಹಣ ನೀರಿನಂತೆ ಖರ್ಚಾಗುತ್ತಿದೆ ಎಂದಾದರೆ ಅದು ಆತಂಕವಲ್ಲದೆ ಬೈಪೋಲಾರ್ ಕಾಯಿಲೆಯಿರಬಹುದು; ಅಂಥವರಿಗೆ ಮುಂದೆ ಹೇಳಲಿರುವ ಕೆಲವು ಮಾತ್ರೆಗಳು ಅಪಾಯ ತರುತ್ತವೆ.

ತೂಗುವುದಕ್ಕೆ ಅಳತೆಗೋಲುಗಳು ಬೇಕು. ಎಷ್ಟು ಬೇಗ ಕೆಲಸ ಮಾಡುತ್ತದೆ ಎಂಬುದನ್ನು ಎಲ್ಲರೂ ಕೇಳುತ್ತಾರೆ. ಮರುದಿನ ಬೆಳಿಗ್ಗೆ ತಲೆ ಹೇಗಿರುತ್ತದೆ ಎಂಬುದನ್ನು ಕೆಲವರು ಕೇಳುತ್ತಾರೆ. ನನ್ನ ವಯಸ್ಸಿಗೂ ಬೇರೆ ಕಾಯಿಲೆಗಳಿಗೂ ಹೊಂದುತ್ತದೆಯೇ, ತಿಂಗಳಿಗೆ ಎಷ್ಟು ಖರ್ಚು, ಮತ್ತೆ ಮತ್ತೆ ತೋರಿಸಿಕೊಳ್ಳಲು ಹತ್ತಿರದಲ್ಲಿ ಯಾರಿದ್ದಾರೆ ಎಂಬವು ಅನಂತರದವು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮೇಲಿನದು ಯಾರೂ ಕೇಳದ ಒಂದು ಪ್ರಶ್ನೆ: ಇದನ್ನು ನಿಲ್ಲಿಸುವುದು ಯಾವಾಗ, ಹೇಗೆ? ಏಕೆಂದರೆ ಇಲ್ಲಿರುವ ಮಾತ್ರೆಗಳಲ್ಲಿ ಎರಡು ಜಾತಿಗಳಿವೆ. ಒಂದು ಇಂದಿನ ರಾತ್ರಿಯ ಮಾತ್ರೆ, ಇನ್ನೊಂದು ಮುಂದಿನ ತಿಂಗಳ ಮಾತ್ರೆ. ಗೊಂದಲವೆಲ್ಲ ಹುಟ್ಟುವುದು ಮೊದಲನೆಯದನ್ನು ಎರಡನೆಯದರಂತೆ ತಿಂಗಳುಗಟ್ಟಲೆ ನುಂಗುವುದರಿಂದ, ಎರಡನೆಯದನ್ನು ಮೊದಲನೆಯದೆಂದು ತಿಳಿದು ನಾಲ್ಕೇ ದಿನಕ್ಕೆ ಬಿಟ್ಟುಬಿಡುವುದರಿಂದ.

ಇಂದಿನ ರಾತ್ರಿಯ ಮಾತ್ರೆಗಳಲ್ಲಿ ಹಿರಿಯ ಮನೆತನ ಬೆಂಜೊಡಯಜೆಪಿನ್‌ಗಳದು. 1960ರಲ್ಲಿ ಕ್ಲೋರ್‌ಡಯಜೆಪಾಕ್ಸೈಡ್, 1963ರಲ್ಲಿ ಡಯಾಜೆಪಾಮ್ ಮಾರುಕಟ್ಟೆಗೆ ಬಂದವು. ಇಂದು ನಮ್ಮಲ್ಲಿ ಹೆಚ್ಚು ಓಡುವವು ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್, ಲೋರಾಜೆಪಾಮ್, ಜೊತೆಗೆ ಇವುಗಳ ದಾಯಾದಿಯಾದ ಎಟಿಜೋಲಾಮ್. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಇವು ಹೆಚ್ಚಿಸುವುದರಿಂದ, ನುಂಗಿದ ಒಂದು ಗಂಟೆಯೊಳಗೆ ಎದೆಬಡಿತ ಇಳಿದು ಕಣ್ಣು ಮುಚ್ಚಿಕೊಳ್ಳುತ್ತದೆ. ವೇಗದಲ್ಲಿ ಇವುಗಳಿಗೆ ಸಾಟಿಯಿಲ್ಲ, ಬೆಲೆಯೂ ಅಗ್ಗ. ಒಂದು ವಾರದಿಂದ ನಿದ್ದೆಯಿಲ್ಲದೆ ಕಂಗಾಲಾದವರಿಗೆ, ಮನೆಯಲ್ಲಿ ಸಾವಾಗಿ ತತ್ತರಿಸಿದವರಿಗೆ, ಕೆಲವೇ ದಿನಗಳ ಮಟ್ಟಿಗೆ ಇದು ನಿಜವಾದ ಉಪಕಾರ.

ಸಾಲವೂ ಹಾಗೆಯೇ ಉಪಕಾರವಾಗಿಯೇ ಬರುತ್ತದೆ. ದಿನವೂ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ದೇಹ ಒಗ್ಗಿಕೊಂಡು ಮೊದಲಿನ ಪ್ರಮಾಣ ಸಾಲದಾಗುತ್ತದೆ, ಮತ್ತು ಒಮ್ಮೆಗೇ ನಿಲ್ಲಿಸಿದರೆ ಹಳೆಯ ಆತಂಕವೂ ನಿದ್ರಾಹೀನತೆಯೂ ಬಡ್ಡಿ ಸಮೇತ ಮರಳುತ್ತವೆ. ದೀರ್ಘಕಾಲ ತೆಗೆದುಕೊಂಡವರಿಗೆ ಫಿಟ್ಸ್ ಕೂಡ ಬರಬಹುದು. ಈ ಮರುಕಳಿಕೆಯನ್ನು ಕಂಡು ‘ನೋಡಿ, ಮಾತ್ರೆ ಬಿಟ್ಟರೆ ನನಗೆ ಆಗುವುದೇ ಇಲ್ಲ’ ಎಂದು ಮತ್ತೆ ಹಿಡಿಯುವವರೇ ಹೆಚ್ಚು. ಅದಕ್ಕಾಗಿಯೇ ಬ್ರಿಟನ್ನಿನ ಮಾರ್ಗಸೂಚಿಗಳು ಇವನ್ನು ಎರಡರಿಂದ ನಾಲ್ಕು ವಾರಗಳಿಗೆ ಮಿತಗೊಳಿಸುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿ ಈ ಇಡೀ ಗುಂಪಿನ ಮೇಲೆ ಅವಲಂಬನೆಯ ಬಗ್ಗೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಮುದ್ರಿಸುವಂತೆ ಮಾಡಿತು.

ಈ ಮನೆತನದೊಳಗೂ ವ್ಯತ್ಯಾಸಗಳಿವೆ. ಅಲ್ಪ್ರಾಜೋಲಾಮ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 11 ಗಂಟೆ ಸಾಕು. ಬೇಗ ಏರಿ ಬೇಗ ಇಳಿಯುವುದರಿಂದಲೇ ‘ಇನ್ನೊಂದು ಬೇಕು’ ಎಂಬ ತಹತಹ ಇದರಲ್ಲಿ ಹೆಚ್ಚು. ಕ್ಲೋನಾಜೆಪಾಮ್‌ಗೆ 30ರಿಂದ 40 ಗಂಟೆ ಬೇಕಾಗುವುದರಿಂದ ಇಳಿತ ನಿಧಾನ, ಬಿಡಿಸುವುದು ತುಸು ಸುಲಭ. ಆದರೆ ಮರುದಿನವೂ ಮಂಪರು ಉಳಿಯುತ್ತದೆ. ಎಟಿಜೋಲಾಮ್ ‘ಮೈಲ್ಡ್’ ಎಂಬ ಹೆಸರು ಪಡೆದು ಓಡುತ್ತಿದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಅವಲಂಬನೆಯಲ್ಲಿ ಅದು ದಾಯಾದಿಗಳಿಗೆ ಏನೂ ಕಡಿಮೆಯಿಲ್ಲ. ಇವುಗಳಲ್ಲಿ ಯಾವುದನ್ನೂ ಮದ್ಯದ ಜೊತೆ, ಅಥವಾ ಟ್ರಾಮಡಾಲ್‌ನಂಥ ನೋವಿನ ಮಾತ್ರೆಯ ಜೊತೆ ಸೇರಿಸಬಾರದು; ಉಸಿರೇ ನಿಂತುಹೋಗಬಹುದು.

ಚೀಟಿ ಕೇಳಿದರೆ ಸಿಟ್ಟಾಗುವವರಿಗೆ ಒಂದು ಮಾತು. ಅಲ್ಪ್ರಾಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಮೊದಲಾದವು 2014ರಿಂದ ಶೆಡ್ಯೂಲ್ ಎಚ್1 ಎಂಬ, ಚೀಟಿಯಿಲ್ಲದೆ ಮಾರಬಾರದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿವೆ. ಇವನ್ನು ಕೊಟ್ಟಾಗ ರೋಗಿಯ ಹೆಸರು, ಬರೆದ ವೈದ್ಯರ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ನಾವು ಚೀಟಿ ಕೇಳುವುದು ನಿಮ್ಮ ಮೇಲಿನ ಅನುಮಾನದಿಂದಲ್ಲ.

ಜೋಲ್ಪಿಡೆಮ್ ಈ ಗುಂಪಿಗೆ ಹತ್ತಿರದ್ದಾದರೂ ಬರಿಯ ನಿದ್ದೆಗೆ ಮೀಸಲಾದದ್ದು. ಸುಮಾರು ಎರಡೂವರೆ ಗಂಟೆಯಲ್ಲಿ ಅರ್ಧಕ್ಕಿಳಿಯುವುದರಿಂದ ಮಲಗಿದೊಡನೆ ನಿದ್ದೆ ಹತ್ತದವರಿಗೆ ಒಪ್ಪುತ್ತದೆ, ನಡುರಾತ್ರಿ ಮೂರಕ್ಕೆ ಎಚ್ಚರವಾಗುವವರಿಗೆ ಅಷ್ಟಾಗಿ ಒದಗುವುದಿಲ್ಲ. ಹಗಲಿನ ಆತಂಕವನ್ನು ಇದು ಮುಟ್ಟುವುದೇ ಇಲ್ಲ. ಹೆಂಗಸರ ದೇಹದಿಂದ ಇದು ನಿಧಾನವಾಗಿ ಹೊರಹೋಗುತ್ತದೆಂದು ತಿಳಿದ ಮೇಲೆ 2013ರಲ್ಲಿ ಅಮೆರಿಕದಲ್ಲಿ ಅವರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಲಾಯಿತು. ನಮ್ಮಲ್ಲಿ ಇಂದಿಗೂ ಹೆಂಗಸರಿಗೆ 10 ಬರೆದ ಚೀಟಿಗಳು ಬರುತ್ತವೆ, ಅದನ್ನು ಕೇಳಿ ಸ್ಪಷ್ಟಪಡಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ನಿದ್ದೆಯಲ್ಲೇ ಎದ್ದು ನಡೆಯುವುದು, ಅಡುಗೆ ಮಾಡುವುದು, ಗಾಡಿ ಓಡಿಸುವುದು ಇದರ ಅಪರೂಪದ, ಆದರೆ ಗಂಭೀರವಾದ ತೊಂದರೆ. ಹಾಗೆ ಒಮ್ಮೆಯಾದರೂ ಆದವರು ಇದನ್ನು ಮತ್ತೆ ಮುಟ್ಟಬಾರದು.

ಇನ್ನು ಮುಂದಿನ ತಿಂಗಳ ಮಾತ್ರೆಗಳು. ತೀವ್ರ ಆತಂಕ ವಾರಗಟ್ಟಲೆ ಹಗಲಿಗೂ ಹರಡಿ, ಕೆಲಸ, ಊಟ, ಸಂಸಾರಗಳನ್ನು ಕೆಡಿಸುತ್ತಿದ್ದರೆ ಮನೋವೈದ್ಯರು ಸಾಮಾನ್ಯವಾಗಿ ಮೊದಲು ಎತ್ತಿಕೊಳ್ಳುವುದು ಎಸಿಟಾಲೋಪ್ರಾಮ್ ಅಥವಾ ಸರ್ಟ್ರಾಲಿನ್. ಇವು ಖಿನ್ನತೆಯ ಮಾತ್ರೆಗಳೆಂದು ಹೆಸರಾಗಿದ್ದರೂ ಆತಂಕಕ್ಕೂ ಅಷ್ಟೇ ಒಗ್ಗುವಂಥವು. ಇವುಗಳಿಂದ ಚಟ ಹತ್ತುವುದಿಲ್ಲ, ಪ್ರಮಾಣ ಏರಿಸುತ್ತಲೇ ಹೋಗಬೇಕಾಗಿಲ್ಲ, ಬೆಲೆ ಹೆಚ್ಚಲ್ಲ. ತೊಡಕು ಇರುವುದು ಮೊದಲ ಹದಿನೈದು ದಿನಗಳಲ್ಲಿ. ಫಲ ಕಾಣಲು ಎರಡರಿಂದ ಆರು ವಾರ ಬೇಕು. ಅದಕ್ಕೂ ಮುಂಚೆ ಹೊಟ್ಟೆ ತೊಳಸುವುದು, ತಲೆನೋವು, ಎಲ್ಲಕ್ಕಿಂತ ಮುಖ್ಯವಾಗಿ ಇದ್ದ ಚಡಪಡಿಕೆಯೂ ನಿದ್ದೆಗೇಡೂ ಒಂದಿಷ್ಟು ಹೆಚ್ಚುವುದು ಸಾಮಾನ್ಯ. ನಿದ್ದೆಗಾಗಿ ಬಂದವರಿಗೆ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ ಎನಿಸುತ್ತದೆ. ಐದನೆಯ ದಿನ ‘ಇದು ನನಗೆ ಆಗಿಬರಲಿಲ್ಲ’ ಎಂದು ಉಳಿದ ಮಾತ್ರೆ ವಾಪಸು ಮಾಡಲು ಬಂದವರು ನನ್ನ ಅಂಗಡಿಯಲ್ಲಿ ಎಷ್ಟೋ ಮಂದಿ. ಎಸಿಟಾಲೋಪ್ರಾಮ್ ಆದರೆ 5 ಮಿಲಿಗ್ರಾಂನಂಥ ಕಡಿಮೆ ಪ್ರಮಾಣದಿಂದ ಆರಂಭಿಸಿ, ರಾತ್ರಿಯ ಬದಲು ಬೆಳಿಗ್ಗೆ ತಿಂಡಿಯ ನಂತರ ತೆಗೆದುಕೊಳ್ಳುವಂತೆ ವೈದ್ಯರು ಹೇಳಿದರೆ ಈ ಹದಿನೈದು ದಿನ ದಾಟುವುದು ಸುಲಭವಾಗುತ್ತದೆ.

ಲೈಂಗಿಕ ಆಸಕ್ತಿ ಕುಗ್ಗುವುದು, ಸ್ಖಲನ ಅಥವಾ ತೃಪ್ತಿ ತಡವಾಗುವುದು ಈ ಮಾತ್ರೆಗಳಲ್ಲಿ ಸಾಮಾನ್ಯ. ಕೌಂಟರಿನಲ್ಲಿ ನಿಂತು ಯಾರೂ ಇದನ್ನು ಹೇಳುವುದಿಲ್ಲ, ಸುಮ್ಮನೆ ಮಾತ್ರೆ ಬಿಡುತ್ತಾರೆ. ವೈದ್ಯರಿಗೆ ಹೇಳಿದರೆ ಪ್ರಮಾಣ ಅಥವಾ ಮಾತ್ರೆ ಬದಲಿಸಬಹುದು. ಇಪ್ಪತ್ತೈದು ವರ್ಷದೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಸಾಯುವ ಯೋಚನೆಗಳು ಹೆಚ್ಚಬಹುದಾದ್ದರಿಂದ ಮನೆಯವರ ಕಣ್ಣು ಅವರ ಮೇಲಿರಬೇಕು. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಯಬಹುದು; ತಲೆ ಗೊಂದಲವಾದರೆ ‘ವಯಸ್ಸಾಯಿತು’ ಎಂದು ಬಿಡದೆ ಒಂದು ರಕ್ತ ಪರೀಕ್ಷೆ ಮಾಡಿಸಬೇಕು. ಗುಣ ಕಂಡ ಮೇಲೂ ಇವನ್ನು ಕೆಲವು ತಿಂಗಳುಗಳಿಂದ ಒಂದು ವರ್ಷದವರೆಗೆ ಮುಂದುವರಿಸಿ, ಅನಂತರ ಮೆಲ್ಲಗೆ ಇಳಿಸುವುದು ರೂಢಿ. ಚಟವಿಲ್ಲದಿದ್ದರೂ ಒಮ್ಮೆಗೇ ಬಿಟ್ಟರೆ ತಲೆಸುತ್ತು, ಸಿಡಿಮಿಡಿ, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಆಗುತ್ತದೆ.

ಈ ಎರಡು ಜಾತಿಗಳನ್ನು ಒಟ್ಟಿಗೆ ಕೊಡುವುದೂ ಉಂಟು: ಎಸಿಟಾಲೋಪ್ರಾಮ್ ಹಿಡಿಯುವವರೆಗೆ ಎರಡು ಮೂರು ವಾರ ಕ್ಲೋನಾಜೆಪಾಮ್‌ನ ಆಸರೆ. ಇದು ಒಪ್ಪತಕ್ಕ ಉಪಾಯ. ಆದರೆ ನಮ್ಮ ಮಾರುಕಟ್ಟೆಯಲ್ಲಿ ಇವೆರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿದ ಜೋಡಿ ಮಾತ್ರೆಗಳು ಧಾರಾಳವಾಗಿವೆ, ಸಾಮಾನ್ಯವಾಗಿ 10 ಮಿಲಿಗ್ರಾಂ ಎಸಿಟಾಲೋಪ್ರಾಮ್ ಮತ್ತು 0.5 ಮಿಲಿಗ್ರಾಂ ಕ್ಲೋನಾಜೆಪಾಮ್. ಒಂದೇ ಮಾತ್ರೆ, ಖರ್ಚೂ ಕಡಿಮೆ ಎಂದು ಗಿರಾಕಿಗಳಿಗೆ ಇದು ಇಷ್ಟ. ತೊಂದರೆ ಗೊತ್ತಾಗುವುದು ಒಂದು ತಿಂಗಳ ನಂತರ. ಆಗ ಇಳಿಸಬೇಕಾದದ್ದು ಕ್ಲೋನಾಜೆಪಾಮನ್ನು ಮಾತ್ರ, ಉಳಿಸಬೇಕಾದದ್ದು ಎಸಿಟಾಲೋಪ್ರಾಮನ್ನು. ಮಾತ್ರೆಯನ್ನು ಅರ್ಧ ಮಾಡಿದರೆ ಎರಡೂ ಅರ್ಧವಾಗುತ್ತವೆ. ಹಾಗಾಗಿ ಯಾರೂ ಇಳಿಸದೆ, ನಾಲ್ಕು ವಾರದ ಆಸರೆ ನಾಲ್ಕು ವರ್ಷ ನಡೆಯುತ್ತದೆ. ನನಗೆ ಕೇಳಿದರೆ, ಎರಡನ್ನೂ ಬೇರೆ ಬೇರೆ ಮಾತ್ರೆಗಳಾಗಿ ಬರೆದುಕೊಡುವಂತೆ ವೈದ್ಯರನ್ನು ವಿನಂತಿಸುವುದು ಈ ಬರಹದಿಂದ ಓದುಗರು ಕೊಂಡೊಯ್ಯಬಹುದಾದ ಅತ್ಯಂತ ಅಗ್ಗದ ಲಾಭ.

ಎರಡೂ ಜಾತಿಗಳ ನಡುವೆ ನಿಲ್ಲುವ ಕೆಲವು ಮಾತ್ರೆಗಳಿವೆ. ಮಿರ್ಟಾಜೆಪಿನ್ ರಾತ್ರಿ 7.5 ಅಥವಾ 15 ಮಿಲಿಗ್ರಾಂ ಕೊಟ್ಟರೆ ಮೊದಲ ದಿನದಿಂದಲೇ ನಿದ್ದೆ ಬರುತ್ತದೆ, ಚಟ ಹತ್ತಿಸುವುದಿಲ್ಲ, ಲೈಂಗಿಕ ತೊಂದರೆಯೂ ಕಡಿಮೆ. ಆದರೆ ಹಸಿವನ್ನು ಕೆರಳಿಸಿ ತೂಕ ಏರಿಸುತ್ತದೆ. ಆತಂಕದಿಂದ ಊಟ ಬಿಟ್ಟು ಸೊರಗಿದವರಿಗೆ ಇದೇ ವರ, ಶುಗರ್ ಇದ್ದು ಸೊಂಟದ ಸುತ್ತಳತೆ ಹೆಚ್ಚುತ್ತಿರುವವರಿಗೆ ಇದೇ ಹೊರೆ. ಟ್ರಾಜೊಡೋನನ್ನೂ ಕಡಿಮೆ ಪ್ರಮಾಣದಲ್ಲಿ ನಿದ್ದೆಗೆ ಬಳಸುತ್ತಾರೆ. ಹಾಸಿಗೆಯಿಂದ ಥಟ್ಟನೆ ಎದ್ದಾಗ ಬಿ.ಪಿ. ಇಳಿದು ಕಣ್ಣು ಕತ್ತಲಾಗಬಹುದು, ಗಂಡಸರಲ್ಲಿ ಅಪರೂಪಕ್ಕೆ ಗಂಟೆಗಟ್ಟಲೆ ಇಳಿಯದ ನೋವಿನ ನಿಮಿರುವಿಕೆ ಉಂಟಾಗಬಹುದು, ಅದು ತುರ್ತು ಚಿಕಿತ್ಸೆ ಬೇಡುವ ಸ್ಥಿತಿ. ಹಳೆಯ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಅತ್ಯಂತ ಅಗ್ಗ, ನಿದ್ದೆಗೇಡಿನ ಜೊತೆಗೆ ತಲೆನೋವು, ಮೈಗ್ರೇನ್ ಇದ್ದರೆ ಎರಡಕ್ಕೂ ಒದಗುತ್ತದೆ. ಆದರೆ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು ಇದರ ಕಾಟ. ಹೃದ್ರೋಗ, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಬೇಡ. ಹೆಚ್ಚು ನುಂಗಿದರೆ ಪ್ರಾಣಾಂತಿಕವಾದ್ದರಿಂದ, ಸಾಯುವ ಮಾತಾಡುವವರಿರುವ ಮನೆಯಲ್ಲಿ ಇದರ ದೊಡ್ಡ ದಾಸ್ತಾನು ಇರಕೂಡದು.

ಪ್ರೆಗಾಬಲಿನ್ ಯೂರೋಪಿನಲ್ಲಿ ಆತಂಕಕ್ಕೆ ಅನುಮತಿ ಪಡೆದಿದೆ. ವಾರದೊಳಗೆ ಗುಣ ತೋರಿಸುತ್ತದೆ, ನಿದ್ದೆಯನ್ನೂ ಆಳವಾಗಿಸುತ್ತದೆ; ತಲೆಸುತ್ತು, ಕಾಲೂತ, ತೂಕ ಏರುವುದು ಇದರ ಕಾಟ, ದುರ್ಬಳಕೆಯೂ ಹೆಚ್ಚುತ್ತಿದೆ. ಪ್ರೊಪ್ರಾನೊಲಾಲ್ ಎದೆಬಡಿತವನ್ನೂ ಕೈನಡುಕವನ್ನೂ ತಗ್ಗಿಸುತ್ತದೆಯೇ ಹೊರತು ನಿದ್ದೆ ತರುವುದಿಲ್ಲ, ಕೆಲವರಿಗೆ ಕೆಟ್ಟ ಕನಸು ತರುತ್ತದೆ. ಉಬ್ಬಸ ಇದ್ದವರು ಇದನ್ನು ಮುಟ್ಟಬಾರದು. ಹೈಡ್ರಾಕ್ಸಿಜಿನ್ ತುರಿಕೆಯ ಮಾತ್ರೆಯೆಂದೇ ಪ್ರಸಿದ್ಧವಾದರೂ ಆತಂಕಕ್ಕೂ ಬಳಕೆಯಲ್ಲಿದೆ, ಚಟವಿಲ್ಲ, ಮುದುಕರಿಗೆ ಒಳ್ಳೆಯದಲ್ಲ. ಬಸ್ಪಿರೋನ್ ಹಗಲಿನ ಆತಂಕಕ್ಕೆ ಮಂಪರಿಲ್ಲದೆ ಒದಗುತ್ತದೆ, ಆದರೆ ಫಲಕ್ಕೆ ವಾರಗಳು ಬೇಕು. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳಿಗೆ ಕೊಡುವ ಕ್ವೆಟಿಯಾಪಿನನ್ನು ಬರಿಯ ನಿದ್ದೆಗೆಂದು ಬರೆದಿದ್ದರೆ ಏಕೆಂದು ಕೇಳಿ. ಶುಗರ್, ಕೊಬ್ಬು, ತೂಕ ಮೂರನ್ನೂ ಅದು ಕೆಡಿಸಬಲ್ಲದು. ಮೆಲಟೋನಿನ್ ಪಾಳಿ ಬದಲಾವಣೆಗೆ, ವಿದೇಶ ಪ್ರಯಾಣಕ್ಕೆ, ನಿದ್ದೆಯ ಹೊತ್ತು ತಪ್ಪಿದವರಿಗೆ ಸರಿ. ತೀವ್ರ ಆತಂಕದ ಮುಂದೆ ಅದು ಬಡಪಾಯಿ. ಅಶ್ವಗಂಧ ಹಾನಿಯಿಲ್ಲದ್ದೆಂಬ ನಂಬಿಕೆಯಿದೆ, ಆದರೆ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ, ಥೈರಾಯ್ಡ್ ಮಾತ್ರೆಯೊಂದಿಗೂ ಹೊಂದದೆ ಇರಬಹುದು.

ಔಷಧಿ ಮಾರುವವನ ಬಾಯಲ್ಲಿ ವಿಚಿತ್ರವೆನಿಸಬಹುದು, ಆದರೂ ಹೇಳಬೇಕು. ಹಳೆಯ ನಿದ್ರಾಹೀನತೆಗೆ ಅಮೆರಿಕ, ಯೂರೋಪಿನ ಮಾರ್ಗಸೂಚಿಗಳು ಮೊದಲ ಸ್ಥಾನ ಕೊಡುವುದು ಮಾತ್ರೆಗಲ್ಲ, ನಿದ್ರೆಗೆಂದೇ ರೂಪಿಸಿದ ಅರಿವು ಮತ್ತು ವರ್ತನೆಯ ಚಿಕಿತ್ಸೆಗೆ. ಆರರಿಂದ ಎಂಟು ಭೇಟಿಗಳಲ್ಲಿ ಮುಗಿಯುವ ಇದರಲ್ಲಿ ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ನಿಜವಾಗಿ ನಿದ್ರಿಸುವ ಹೊತ್ತಿಗೆ ಕುಗ್ಗಿಸುತ್ತಾರೆ. ರಾತ್ರಿ ಐದೂವರೆ ಗಂಟೆ ಮಾತ್ರ ನಿದ್ದೆ ಬರುವವರು ಹತ್ತಕ್ಕೇ ಮಲಗದೆ ಹನ್ನೆರಡೂವರೆಗೆ ಮಲಗಿ ಆರಕ್ಕೆ ಎದ್ದುಬಿಡಬೇಕು. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು. ಮೊದಲೆರಡು ವಾರ ಹಗಲೆಲ್ಲ ತೂಕಡಿಕೆ, ಸಂಕಟ. ಬೈಪೋಲಾರ್, ಫಿಟ್ಸ್ ಇದ್ದವರು, ಗಾಡಿ ಓಡಿಸುವವರು ತಜ್ಞರ ಕಣ್ಣಳತೆಯಿಲ್ಲದೆ ಇದನ್ನು ಮಾಡಬಾರದು. ಮಾತ್ರೆಯ ಫಲ ಮಾತ್ರೆ ಇರುವಷ್ಟು ದಿನ, ಇದರ ಫಲ ಮುಗಿಸಿದ ಮೇಲೂ ಉಳಿಯುತ್ತದೆ. ಖಾಸಗಿಯಾಗಿ ದುಬಾರಿ, ಸಣ್ಣ ಊರುಗಳಲ್ಲಿ ಹೇಳಿಕೊಡುವವರು ವಿರಳ ಎಂಬುದೇ ಇದರ ಕೊರತೆ.

ಇವೆಲ್ಲ ಒಬ್ಬೊಬ್ಬರ ಪಾಲಿಗೆ ಒಂದೊಂದು ರೀತಿ ತೂಗುತ್ತವೆ. ರಾತ್ರಿ ಬಸ್ಸು ಓಡಿಸುವ ಚಾಲಕನಿಗೆ ಕ್ಲೋನಾಜೆಪಾಮ್‌ನ ಮರುದಿನದ ಮಂಪರು ಜೀವದ ಪ್ರಶ್ನೆ; ಆತ ತನ್ನ ಕೆಲಸವೇನೆಂದು ವೈದ್ಯರಿಗೆ ಮೊದಲೇ ಹೇಳಬೇಕು, ಬೆಳಗಿನ ಸರ್ಟ್ರಾಲಿನ್‌ನಂಥದ್ದನ್ನು ರಜೆಯ ದಿನಗಳಲ್ಲಿ ಆರಂಭಿಸಬೇಕು. ಎಪ್ಪತ್ತು ದಾಟಿದ ಅಜ್ಜಿಗೆ ರಾತ್ರಿ ಬಚ್ಚಲಿಗೆ ಏಳುವಾಗ ಬಿದ್ದು ಸೊಂಟದ ಮೂಳೆ ಮುರಿಯುವುದು ನಿದ್ದೆಗೆಡುವುದಕ್ಕಿಂತ ದೊಡ್ಡ ಕೇಡು, ಆದ್ದರಿಂದ ಬೆಂಜೊಡಯಜೆಪಿನ್, ಜೋಲ್ಪಿಡೆಮ್, ಅಮಿಟ್ರಿಪ್ಟಿಲಿನ್ ಮೂರೂ ಅವರಿಗೆ ಕೊನೆಯ ಆಯ್ಕೆಗಳು. ಎದೆಹಾಲೂಡಿಸುವ ಬಾಣಂತಿಗೆ ಸರ್ಟ್ರಾಲಿನ್ ಹೆಚ್ಚು ಅನುಭವವಿರುವ ಮಾತ್ರೆ. ‘ಬಾಣಂತನದಲ್ಲಿ ಎಲ್ಲರಿಗೂ ಹೀಗೆಯೇ’ ಎಂದು ಮನೆಯವರು ತಳ್ಳಿಹಾಕುವುದು ಅದಕ್ಕಿಂತ ಅಪಾಯಕಾರಿ. ಹತ್ತು ದಿನದ ಬಿಕ್ಕಟ್ಟಿಗೆ ಹತ್ತು ದಿನದ ಮಾತ್ರೆ ಸಾಕು. ಆರು ತಿಂಗಳ ಆತಂಕಕ್ಕೆ ಹತ್ತು ದಿನದ ಮಾತ್ರೆಯನ್ನು ಹದಿನೆಂಟು ಸಲ ತರಿಸಿಕೊಳ್ಳುವುದು ಚಿಕಿತ್ಸೆಯಲ್ಲ.

ಖರ್ಚಿನ ವಿಷಯ. ಇಲ್ಲಿ ಹೇಳಿದ ಮಾತ್ರೆಗಳಲ್ಲಿ ಬಹುತೇಕವು ಜನೆರಿಕ್ ರೂಪದಲ್ಲಿ ಸಿಗುತ್ತವೆ, ಜನೌಷಧಿ ಕೇಂದ್ರದಲ್ಲಿ ಬ್ರಾಂಡ್ ಬೆಲೆಯ ಒಂದು ಭಾಗಕ್ಕೆ ದೊರೆಯುವವೂ ಇವೆ. ದುಬಾರಿಯಾಗುವುದು ಮಾತ್ರೆಯಲ್ಲ, ಊರಿನಿಂದ ಮನೋವೈದ್ಯರ ಬಳಿಗೆ ಹೋಗಿಬರುವ ದಾರಿ ಮತ್ತು ಕಳೆದುಕೊಳ್ಳುವ ಕೂಲಿ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ ಇದಕ್ಕೆಂದೇ ಇದೆ. ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೊಡ್ಡ ಆಸರೆಗಳು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ನಿದ್ದೆಯಿಲ್ಲದ ರಾತ್ರಿಯಲ್ಲಿ ಸಾಯುವ ಯೋಚನೆ ಬಂದರೆ ಬೆಳಗಾಗುವುದನ್ನು ಕಾಯದೆ ಆ ಸಂಖ್ಯೆಗೆ ಕರೆ ಮಾಡಬೇಕು, ಮನೆಯವರನ್ನು ಎಬ್ಬಿಸಬೇಕು, ಆಸ್ಪತ್ರೆಗೆ ಹೋಗಬೇಕು.

ಈಗಾಗಲೇ ತಿಂಗಳುಗಟ್ಟಲೆ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇಂದೇ ಬಿಟ್ಟುಬಿಡಬೇಡಿ. ವೈದ್ಯರ ಮೇಲ್ವಿಚಾರಣೆಯಲ್ಲಿ ಹಲವು ವಾರ, ಕೆಲವರಿಗೆ ಹಲವು ತಿಂಗಳು, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಹೊಸದಾಗಿ ಆರಂಭಿಸುವವರು ಎರಡು ವಾರ ಮಲಗಿದ, ಎದ್ದ ಹೊತ್ತುಗಳನ್ನು ಬರೆದ ಹಾಳೆಯನ್ನೂ, ಈಗ ನುಂಗುತ್ತಿರುವ ಎಲ್ಲ ಔಷಧಗಳ ಪೂರ್ತಿ ಸ್ಟ್ರಿಪ್ಪುಗಳನ್ನೂ ಜೊತೆಗೊಯ್ಯಿರಿ, ಕತ್ತರಿಸಿದ ಚೂರುಗಳನ್ನಲ್ಲ. ವೈದ್ಯರ ಬಳಿಯಿಂದ ಹೊರಡುವ ಮುನ್ನ ‘ಇದನ್ನು ನಿಲ್ಲಿಸುವುದು ಯಾವಾಗ, ಹೇಗೆ?’ ಎಂಬ ಆ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಕಳೆದ ವರ್ಷ ನಮ್ಮ ಅಂಗಡಿಗೆ ಬಂದ ಮೇಷ್ಟರೊಬ್ಬರ ಚೀಟಿಯಲ್ಲಿ ಕ್ಲೋನಾಜೆಪಾಮ್‌ನ ಮುಂದೆ ವೈದ್ಯರು ‘21 ದಿನ, ನಂತರ ಅರ್ಧ, 35ನೇ ದಿನ ಬಂದ್’ ಎಂದು ಬರೆದಿದ್ದರು. ಮೇಷ್ಟರು 36ನೇ ದಿನ ಎಸಿಟಾಲೋಪ್ರಾಮ್ ಒಂದನ್ನೇ ಕೊಳ್ಳಲು ಬಂದರು.